ಸಾಂತ್ವನ ಹೇಳಲು ಬರುತ್ತಿದ್ದವರು

ನಮ್ಮ ಕ್ರೈಸ್ತ ಸಭೆಯ ಹಿರಿಯರು ತೀರಿಕೊಂಡರು. ಬಸವನ ಬಾಗೇವಾಡಿಯ ನಮ್ಮ ಸಣ್ಣ ಪ್ರಾರ್ಥನಾ ಮಂದಿರದಲ್ಲಿ ಶವದ ಪೆಟ್ಟಿಗೆ ಇಟ್ಟಿದ್ದರು. ಮಾತಾಡಲು ಎದ್ದವರೆಲ್ಲ ಹೇಳಿದ್ದು ಒಂದೇ: ಯಾರ ಮನೆಗೆ ಕಷ್ಟ ಬಂದರೂ ಮೊದಲು ಬಾಗಿಲು ಬಡಿಯುತ್ತಿದ್ದವರು ಇವರೇ. ಆ ಮಾತು ಖರೆ. ಮೊದಲು ಬರುತ್ತಿದ್ದರು. ಬಂದು ಏನು ಮಾಡುತ್ತಿದ್ದರು ಎಂಬುದನ್ನು ಮಾತ್ರ ಯಾರೂ ಹೇಳಲಿಲ್ಲ. ನನ್ನನ್ನೂ ಎರಡು ಮಾತು ಹೇಳಿರೆಂದು ಕರೆದರು. ಗಂಟಲು ಸರಿಯಿಲ್ಲವೆಂದೆ. ಗಂಟಲು ಚೆನ್ನಾಗಿಯೇ ಇತ್ತು.

ನಾನು ಸರಕಾರಿ ಆಸ್ಪತ್ರೆಯಲ್ಲಿ ನರ್ಸಾಗಿ ದುಡಿದು ನಿವೃತ್ತಳಾದವಳು. ಹೆಚ್ಚಿನ ವರ್ಷ ಮುದ್ದೇಬಿಹಾಳದಲ್ಲಿ ಕಳೆದೆ. ನರಳುವವರ ಹತ್ತಿರ ಬಂದು ನಿಲ್ಲುವ ಜನ ನೂರು ತರಹ ಇರುತ್ತಾರೆ. ಅವರನ್ನು ನೋಡಿ ನೋಡಿ ನನಗೆ ಒಂದು ಕಣ್ಣು ಬಂದಿದೆ. ಕೆಲವರು ಹಣ್ಣು ತರುತ್ತಾರೆ, ಕೆಲವರು ಅಳು ತರುತ್ತಾರೆ, ಕೆಲವರು ಬಂದು ಕಾಟಿನ ಮೂಲೆಯಲ್ಲಿ ಕೂತು ಎದ್ದು ಹೋಗುತ್ತಾರೆ. ನಮ್ಮ ಹಿರಿಯರು ಕಾರಣ ತರುತ್ತಿದ್ದರು.

ಕಾಲುವೆ ಇಲಾಖೆಯ ಆಫೀಸಿನಲ್ಲಿ ಸುಪರಿಂಟೆಂಡೆಂಟ್ ಆಗಿದ್ದವರು. ಎತ್ತರದ ಆಳು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಜಿಪ್ ಇರುವ ಕರಿ ಚೀಲದಲ್ಲಿ ಬೈಬಲ್ ಹಾಕಿ ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಬರುವರು. ದನಿ ಮಾತ್ರ ಭಾರಿ ಚಂದ, ಅದನ್ನು ನಾನೂ ಒಪ್ಪುತ್ತೇನೆ. ಆ ದನಿಯಲ್ಲಿ ಕಿರಾಣಿ ಸಾಮಾನಿನ ಹೆಸರು ಓದಿದರೂ ಜನ ಕಣ್ಣು ಮುಚ್ಚಿ ಕೇಳುತ್ತಿದ್ದರು. ಪಾದ್ರಿ ಅಯ್ಯನವರು ವಿಜಯಪುರದಿಂದ ತಿಂಗಳಿಗೊಮ್ಮೆ ಬಂದು ಕರ್ತನ ಭೋಜನ ಕೊಟ್ಟು ಹೋಗುವರು. ಉಳಿದ ಭಾನುವಾರಗಳ ಆರಾಧನೆ, ಪ್ರಸಂಗ, ಯಾರ ಮನೆಯಲ್ಲಿ ಪ್ರಾರ್ಥನೆ ಇಡಬೇಕು, ಯಾರನ್ನು ಎಬ್ಬಿಸಿ ಸಾಕ್ಷಿ ಹೇಳಿಸಬೇಕು, ಎಲ್ಲವೂ ಇವರದೇ. ನಮ್ಮದು ಕೆಲವೇ ಮನೆಗಳ ಸಭೆ. ಮನಗೂಳಿಯಿಂದ, ಕೊಲ್ಹಾರದಿಂದ ಟಂಟಂ ಆಟೋ ಹಿಡಿದು ಬರುವವರೂ ಇದ್ದರು. ಟೀಚರುಗಳು, ಡ್ರೈವರುಗಳು, ಪುರಸಭೆಯ ಕೆಲಸದವರು. ಹಗಲೆಲ್ಲ ಬೇರೆಯವರ ಮಾತು ಕೇಳುವ ಕೆಲಸ ನಮ್ಮೆಲ್ಲರದು. ಭಾನುವಾರವೂ ಕೇಳಿದೆವು.

ಅವರು ಕಷ್ಟದ ಮನೆಗೆ ಬರುವ ರೀತಿ ಹೇಳಬೇಕು. ಹೊಸಿಲು ದಾಟುವಾಗಲೇ "ಸ್ತೋತ್ರರೀ" ಅನ್ನುವರು. ಗೋಡೆಗೆ ಆನಿಸಿದ್ದ ಒಳ್ಳೆಯ ಕುರ್ಚಿ ತಾವೇ ಎಳೆದುಕೊಂಡು ಕೂಡುವರು. ಆಮೇಲೆ ಶುರು: "ಯಾವಾಗ ಆತು? ಹೆಂಗಾತು? ಮೊದ್ಲು ಏನರೆ ಸೂಚನಾ ಇತ್ತೇನು?" ಅತ್ತು ಅತ್ತು ಸುಸ್ತಾದವರು ಮತ್ತೆ ಮೊದಲಿನಿಂದ ಹೇಳಬೇಕು. ಎಲ್ಲಿಯಾದರೂ ತಪ್ಪಿಸಿದರೆ ಅವರು ತಿದ್ದಿ ಕೇಳುವರು. ಕೇಳುವಾಗ ಅವರ ಕಣ್ಣು ಹೊಳೆಯುವುದನ್ನು ನಾನು ನೋಡಿದ್ದೇನೆ. ಪೂರ್ತಿ ಕೇಳಿದ ಮೇಲೆ ಕರಿ ಚೀಲದ ಜಿಪ್ ಸರ್ರೆಂದು ಎಳೆಯುವರು. ದೇವರು ಇದನ್ನು ಏಕೆ ಮಾಡಿದ ಎಂಬುದು ಅವರಿಗೆ ಗೊತ್ತಿರುತ್ತಿತ್ತು. ಯಾವತ್ತೂ, ಒಮ್ಮೆಯೂ, ಗೊತ್ತಿಲ್ಲ ಅಂದವರಲ್ಲ.

ಭೀಮಾ ನದಿ ಏರಿ ಇಂಡಿ, ಸಿಂದಗಿ ಕಡೆಯ ಹೊಳೆಸಾಲಿನ ಊರುಗಳಿಗೆ ನೀರು ನುಗ್ಗಿದ ವರ್ಷ ನಮ್ಮ ಸಭೆಯವರು ಚಾದರ, ಅಕ್ಕಿ, ಬೇಳೆ, ಹಳೆ ಸೀರೆ ಕೂಡಿಸಿ ಟೆಂಪೋ ತುಂಬಿಸಿದೆವು. ಇಂಡಿ ತಾಲೂಕಿನ ಒಂದು ಶಾಲೆಯಲ್ಲಿ ನೀರಿನಿಂದ ಎದ್ದು ಬಂದ ಜನರನ್ನು ಇಟ್ಟಿದ್ದರು. ಮಳೆ ಇನ್ನೂ ಜಿನುಗುತ್ತಿತ್ತು. ಗೋಡೆ ಬಿದ್ದವರು, ಎಮ್ಮೆ ಕಳಕೊಂಡವರು, ಕೂಸುಗಳನ್ನು ಸೆರಗಿನಲ್ಲಿ ಸುತ್ತಿಕೊಂಡ ಹೆಂಗಸರು ವರಾಂಡದ ತುಂಬ ಕೂತಿದ್ದರು. ನಾವು ಗಂಟು ಇಳಿಸತೊಡಗಿದಾಗ ಹಿರಿಯರು ಕೈ ಎತ್ತಿದರು. "ಮೊದ್ಲು ದೇವರ ವಾಕ್ಯ. ಆಮ್ಯಾಲೆ ಸಾಮಾನು."

ನಿಂತು ಶುರು ಮಾಡಿದರು. ಮನುಷ್ಯರ ಕೆಟ್ಟತನ ಹೆಚ್ಚಾದಾಗ ದೇವರು ನೀರು ಕಳಿಸಿದ ಕಥೆ. ಎಲ್ಲ ಬಿಟ್ಟು ಅದನ್ನೇ ಆರಿಸಿಕೊಂಡಿದ್ದರು. ಮುಂದೆ ಕೂತಿದ್ದ ಒಬ್ಬ ಮುದುಕಿ ಸ್ವಲ್ಪ ಹೊತ್ತು ಕೇಳಿದಳು. ಆಮೇಲೆ ತನ್ನ ಮಡಿಲಲ್ಲಿದ್ದ ಮೊಮ್ಮಗುವನ್ನು ಎತ್ತಿ ತೋರಿಸಿ ಅಂದಳು:

"ಯಪ್ಪಾ, ಕೂಸು ತೊಯ್ದೈತಿ. ಮೊದ್ಲು ಚಾದರ ಕೊಡು. ನಿನ್ನ ಕತಿ ಬೆಚ್ಚಗ ಕೂತು ಕೇಳ್ತೇವಿ."

ಸುತ್ತಲಿನವರು ನಕ್ಕರು. ನಾನು ಗಂಟು ಬಿಚ್ಚಿ ಚಾದರ ಹಂಚಲು ಶುರು ಮಾಡಿದೆ, ನನ್ನ ಹಿಂದೆ ಉಳಿದವರೂ ಬಂದರು. ಹಿರಿಯರು ನಿಲ್ಲಿಸಲಿಲ್ಲ. ಯಾರೂ ಕೇಳುತ್ತಿಲ್ಲವೆಂದು ಗೊತ್ತಿದ್ದೂ, ಆ ಗದ್ದಲದ ನಡುವೆ ನಿಂತು ಕೊನೆಯವರೆಗೆ ಹೇಳಿ ಮುಗಿಸಿದರು. ಹಿಂದಿರುಗುವಾಗ ಟೆಂಪೋದ ಮುಂದಿನ ಸೀಟಿನಲ್ಲಿ ಕೂತು, "ಬೀಜ ಬಿತ್ತೇವಿ, ಬೆಳಸಾವ ದೇವರು" ಅಂದರು. ಅವತ್ತು ನನಗೆ ನಗು ಬಂದಿತ್ತು. ಅವರ ಮೇಲೆ ಹೇಸಿಗೆ ಬಂದದ್ದು ಆಮೇಲೆ, ನನ್ನ ತಂಗಿಯ ಮನೆಯಲ್ಲಿ.

ನನ್ನ ತಂಗಿ ಪ್ರೇಮಾ. ಅವಳ ಗಂಡ ಬಸ್ ಡ್ರೈವರ್. ಅವರಿಗೆ ಒಬ್ಬಳೇ ಮಗಳು, ಶಾಲಿನಿ. ಬಿ.ಎ. ಓದುತ್ತಿದ್ದಳು, ನಗುವಾಗ ಕೈಯಿಂದ ಬಾಯಿ ಮುಚ್ಚಿಕೊಳ್ಳುವ ಹುಡುಗಿ. ಮಳೆಗಾಲದ ಕೊನೆಗೆ ಅವಳಿಗೆ ಜ್ವರ ಬಂತು. ಊರ ತುಂಬ ಜ್ವರವಿತ್ತು, ಎಲ್ಲರಿಗೂ ಬಂದು ಹೋಗುತ್ತಿತ್ತು. ಪಕ್ಕದ ಮನೆಯ ಶಾಂತವ್ವ ಲಿಂಗಾಯತರ ಹೆಂಗಸು, ಶಾಲಿನಿಯನ್ನು ಎತ್ತಿ ಆಡಿಸಿದವಳು. ಇಂಗಳೇಶ್ವರದ ತನ್ನ ತವರಿನ ದೇವರ ದಾರ ತಂದು ಹುಡುಗಿಯ ಕೈಗೆ ಕಟ್ಟಿದಳು. ಪ್ರೇಮಾ ಬೇಡ ಅನ್ನಲಿಲ್ಲ. ಪ್ರೀತಿಯಿಂದ ಕಟ್ಟಿದ್ದನ್ನು ಹೇಗೆ ಬೇಡ ಅನ್ನುವುದು? ಡೆಂಗ್ಯೂ ಎಂದು ರಕ್ತ ಪರೀಕ್ಷೆಯಲ್ಲಿ ಗೊತ್ತಾಗಿ ವಿಜಯಪುರಕ್ಕೆ ಒಯ್ದೆವು. ಅಲ್ಲಿಯ ಡಾಕ್ಟರು ಕೈಲಾದದ್ದೆಲ್ಲ ಮಾಡಿದರು. ಹುಡುಗಿ ಉಳಿಯಲಿಲ್ಲ.

ಮಣ್ಣು ಮಾಡಿ ಬಂದ ಮರುದಿನ ಹಿರಿಯರು ಬಂದರು. ಶಾಂತವ್ವ ಅಡುಗೆ ಮನೆಯಲ್ಲಿ ನುಚ್ಚು ಕುದಿಸುತ್ತಿದ್ದಳು. ಆ ಮನೆಯಲ್ಲಿ ಒಲೆ ಹಚ್ಚುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ, ಎಲ್ಲರಿಗೂ ಅವಳೇ ಉಣ್ಣಲು ಹಾಕುತ್ತಿದ್ದಳು. ಹಿರಿಯರು ಕುರ್ಚಿ ಎಳೆದುಕೊಂಡು ಕೇಳಲು ಶುರು ಮಾಡಿದರು. ಯಾವ ದಿನ ಜ್ವರ ಬಂತು, ಯಾವ ಮಾತ್ರೆ ಕೊಟ್ಟಿರಿ, ಕೊನೆಗೆ ಏನಂದಳು. ಪ್ರೇಮಾ ಗಿಳಿಯ ಹಾಗೆ ಹೇಳುತ್ತ ಹೋದಳು. ಹೇಳುತ್ತ ದಾರದ ಮಾತೂ ಬಂತು.

ಹಿರಿಯರು ಮುಂದಕ್ಕೆ ಬಾಗಿದರು. "ದಾರ? ಎಂಥಾ ದಾರ?"

ಪ್ರೇಮಾ ಹೇಳಿದಳು.

ಅವರು ಹಿಂದಕ್ಕೆ ಆನಿಕೊಂಡರು. ಬೀಗದಲ್ಲಿ ಕೀಲಿ ತಿರುಗಿದ ಸಮಾಧಾನ ಆ ಮುಖದಲ್ಲಿ. "ತಂಗೀ, ದೇವರು ಕಾರಣ ಇಲ್ದ ಏನೂ ಮಾಡಂಗಿಲ್ಲ. ಆತನ್ನ ಬಿಟ್ಟು ಇನ್ನೊಬ್ಬರ ಕಡೆ ಕೈ ಚಾಚಿದ್ರಿ. ನಿನ್ನ ಮ್ಯಾಲಿನ ಪ್ರೀತಿಗೇ ಆತ ಶಿಕ್ಷಾ ಕೊಟ್ಟಾನ."

ಶಾಂತವ್ವ ಅಡುಗೆ ಮನೆಯ ಬಾಗಿಲಲ್ಲಿ ಚಹಾದ ಕಪ್ಪು ಹಿಡಿದು ನಿಂತಿದ್ದಳು. "ಯಜಮಾನ್ರ, ಚಹಾ ಕುಡೀರಿ," ಅಂದಳು. "ಬಾಯಾಗ ಏನರೆ ಇದ್ರ ಮಾತು ನಿಂದರತಾವು." ಅವರು ಚಹಾ ತೆಗೆದುಕೊಂಡರು, ಅವಳ ಕಡೆ ನೋಡಲಿಲ್ಲ. ಕುಡಿದು, ಉದ್ದ ಪ್ರಾರ್ಥನೆ ಮಾಡಿ ಹೋದರು.

ನಾನು ಆಗ ಪಕ್ಕದ ಕೋಣೆಯಲ್ಲಿ ತಂಗಿಯ ಗಂಡನಿಗೆ ಮಾತ್ರೆ ಕೊಟ್ಟು ಮಲಗಿಸುತ್ತಿದ್ದೆ; ಇದನ್ನೆಲ್ಲ ಶಾಂತವ್ವ ಆಮೇಲೆ ಹೇಳಿದಳು. ಹೊರಗೆ ಬಂದಾಗ ಅವರ ಸ್ಕೂಟರು ತಿರುವಿನಲ್ಲಿತ್ತು. ಪ್ರೇಮಾ ಅಳುತ್ತಿರಲಿಲ್ಲ. ಅವಳಿಗೆ ಈಗ ಅಳುವುದಕ್ಕಿಂತ ದೊಡ್ಡ ಕೆಲಸ ಸಿಕ್ಕಿತ್ತು.

ಮೊದಲು ಶಾಂತವ್ವನ ಜೊತೆ ಮಾತು ಬಿಟ್ಟಳು. ಅವಳು ಮುಚ್ಚಿಟ್ಟು ಕೊಟ್ಟ ತಾಟು ಹಾಗೇ ಹೊರಗಿನ ಕಟ್ಟೆಯ ಮೇಲೆ ಆರುತ್ತಿತ್ತು. ಆಮೇಲೆ ಉಪವಾಸ ಹಿಡಿದಳು. ಬಿ.ಪಿ. ಮಾತ್ರೆ ಬಿಟ್ಟಳು. ಒಂದು ಭಾನುವಾರ ಹಿರಿಯರು ಅವಳನ್ನು ಸಭೆಯ ಮುಂದೆ ನಿಲ್ಲಿಸಿದರು. ಮಗಳನ್ನು ಕಳಕೊಂಡ ತಾಯಿ ಎಲ್ಲರೆದುರು, "ನನ್ನ ಪಾಪದಿಂದ ನನ್ನ ಮಗಳು ಹೋದ್ಳು" ಅಂದಳು. ಹಿರಿಯರು ಅವಳ ತಲೆಯ ಮೇಲೆ ಕೈಯಿಟ್ಟು "ಆಮೆನ್" ಅಂದರು. ಸಭೆ "ಆಮೆನ್" ಅಂದಿತು. ನಾನು ಎದ್ದು ಹೊರಗೆ ಹೋಗಿ ಚಪ್ಪಲಿ ಹಾಕಿಕೊಂಡು ನಿಂತೆ.

ಆರಾಧನೆ ಮುಗಿದು ಅವರು ಬಂದಾಗ ಸ್ಕೂಟರಿಗೆ ಅಡ್ಡ ನಿಂತೆ.

"ಆ ಹುಡುಗಿ ಡೆಂಗ್ಯೂದಿಂದ ಸತ್ತೈತ್ರಿ. ದಾರದಿಂದ ಅಲ್ಲ."

"ಸಿಸ್ಟರ್," ಅಂದರು, ಆ ಚಂದದ ದನಿಯಲ್ಲಿ. ಊರವರೆಲ್ಲ ನನ್ನನ್ನು ಕರೆಯುವುದು ಹಾಗೆಯೇ. "ನೀವು ದೇಹ ನೋಡೋರು. ನಾ ಆತ್ಮ ನೋಡ್ತೇನಿ."

"ದೇಹಾನೂ ನೋಡ್ರಿ ಒಂದೀಟು. ಅಕಿ ಉಪವಾಸ ಮಾಡಿ ಮಾಡಿ ನಿಂದ್ರಾಕ ಆಗವಲ್ದು. ಎಲ್ಲಾ ಕಳಕೊಂಡು ಬೂದ್ಯಾಗ ಕೂತ ಮನಷ್ಯಾನ ಕತಿ ಹ್ವಾದ ತಿಂಗಳ ಬೈಬಲ್‌ದಾಗ ನೀವೇ ಓದಿದ್ರಿ. ಅವನ ಗೆಳೆಯಾರು ಬಂದು, ನಿಂದೇ ತಪ್ಪೈತಿ, ನಿಂದೇ ತಪ್ಪೈತಿ ಅಂತ ಹೇಳಿದ್ರು. ಕೊನಿಗೆ ದೇವರು ಸಿಟ್ಟಾಗಿದ್ದು ಯಾರ ಮ್ಯಾಲ್ರಿ? ಬೂದ್ಯಾಗ ಕೂತಾವನ ಮ್ಯಾಲೋ, ಗೆಳೆಯಾರ ಮ್ಯಾಲೋ?"

ಅವರು ಕರುಣೆಯಿಂದ ನಕ್ಕರು. "ಅದನ್ನ ಸಂದರ್ಭ ಇಟ್ಕೊಂಡು ಓದಬೇಕಾಗ್ತೈತಿ ಸಿಸ್ಟರ್," ಅಂದು ಸ್ಕೂಟರ್ ಚಾಲೂ ಮಾಡಿದರು.

ಕೆಲವೇ ವಾರದಲ್ಲಿ ಪ್ರೇಮಾ ಅಡುಗೆ ಮನೆಯಲ್ಲಿ ತಲೆ ತಿರುಗಿ ಬಿದ್ದಳು. ಆಸ್ಪತ್ರೆಗೆ ಸೇರಿಸಿ ಸಲಾಯಿನ್ ಹಚ್ಚಿದೆವು. ಅವಳ ಗಂಡ ಡ್ಯೂಟಿ ಬಿಟ್ಟು ಓಡಿ ಬಂದು ಖಾಕಿ ಅಂಗಿಯಲ್ಲೇ ಕಾಟಿನ ಪಕ್ಕ ಕೂತಿದ್ದ. ಅಲ್ಲಿಗೂ ಹಿರಿಯರು ಬಂದರು. ಅಷ್ಟು ಸಮಾಧಾನದ ಮನುಷ್ಯ ಎದ್ದು ನಿಂತು, "ಇವತ್ತ ಬ್ಯಾಡ್ರಿ ಹಿರೇರ" ಅಂದ. ಅವರು ವಾರ್ಡಿನ ಬಾಗಿಲಲ್ಲೇ ನಿಂತು ಪ್ರಾರ್ಥನೆ ಮಾಡಿದರು, ಗಟ್ಟಿಯಾಗಿ, ಎಲ್ಲ ಕಾಟಿನವರಿಗೂ ಕೇಳುವ ಹಾಗೆ. ಬಾಣಂತಿಯೊಬ್ಬಳ ಕೂಸು ಎಚ್ಚರಗೊಂಡು ಅಳತೊಡಗಿತು.

ಪ್ರೇಮಾ ದೇಹದಲ್ಲಿ ಚೇತರಿಸಿಕೊಂಡಳು, ಮನಸ್ಸಿನಲ್ಲಿ ಇಲ್ಲ. ನಾನು ಎಷ್ಟು ಹೇಳಿದರೂ ಅವಳದು ಒಂದೇ ಮಾತು: "ದಾರ ಬ್ಯಾಡ ಅನ್ಬೇಕಿತ್ತಕ್ಕಾ ನಾ." ಡಾಕ್ಟರ ಮಾತಾಗಲಿ, ನನ್ನ ಮಾತಾಗಲಿ ಅವಳೊಳಗೆ ಇಳಿಯಲಿಲ್ಲ. ಹೀಗೇ ಒಂದು ವರ್ಷ ಹೋಯಿತು.

ಆಗ ಹಿರಿಯರ ಹೆಂಡತಿಗೆ ಹೊಟ್ಟೆಯ ಕ್ಯಾನ್ಸರ್ ಎಂದು ಗೊತ್ತಾಯಿತು. ನಾವೆಲ್ಲ ಕಾಕು ಅನ್ನುತ್ತಿದ್ದೆವು. ತುಂಬ ಕಡಿಮೆ ಮಾತಿನವಳು. ಆ ಮನೆಯಲ್ಲಿ ಮಾತಿನ ಪಾಲೆಲ್ಲ ಗಂಡನೇ ಬಳಸುತ್ತಿದ್ದನಲ್ಲ. ದೊಡ್ಡ ಡಾಕ್ಟರು, ಮನೆಯಲ್ಲೇ ಇಟ್ಟು ನೋವು ಕಡಿಮೆ ಮಾಡಿರಿ ಎಂದು ಕಳಿಸಿದ್ದರು. ಇಂಜೆಕ್ಷನ್ ಕೊಡಲು ನಾನು ಹೋಗುತ್ತಿದ್ದೆ, ಕಾಕುವಿನ ಸಲುವಾಗಿ. ಮೊದಲ ದಿನವೇ ಅವಳು ನನ್ನ ಕೈ ಹಿಡಿದು ಮೆಲ್ಲಗೆ ಅಂದಳು:

"ಸಿಸ್ಟರ್, ಇವ್ರನ್ನ ಒಂದೀಟು ಹೊರಗ ಕಳಸ್ರಿ. ಬೆಳಗಿಂದ ಓದಾಕತ್ತಾರ."

ಕಳಿಸಿದೆ. ಅವಳು ಇಂಜೆಕ್ಷನ್ನಿಗೆ ತೋಳು ಚಾಚಿದಳು. ಆಮೇಲೆ, "ಪ್ರೇಮಾನ್ನ ಕಳಸ್ತೀರೇನು?" ಅಂದಳು.

ನಾನು ಮನೆಗೆ ಬಂದು ಪ್ರೇಮಾಳಿಗೆ ಹೇಳಿದೆ, ಹೋಗಬೇಡ ಎಂದೂ ಹೇಳಿದೆ. "ಆ ಮನಿ ಹೊಸ್ತಿಲಾ ತುಳೀಬ್ಯಾಡ. ನಿನ್ನ ಜೀವಾ ತಿಂದಾವ ಅಲ್ಲೇ ಅದಾನ." ಅವಳು ಚಪ್ಪಲಿ ಹಾಕಿಕೊಂಡು ಹೊರಟಳು. "ಕಾಕು ಕರದಾಳ," ಅಂದಳು. ಅದರ ಮೇಲೆ ಮಾತಿಲ್ಲ.

ದಿನಾ ಹೋದಳು. ಕಾಕುವಿನ ಮೈ ಒರೆಸುವಳು, ತಲೆ ಬಾಚುವಳು, ಕಾಲಿಗೆ ಬಿಸಿ ಎಣ್ಣೆ ಹಚ್ಚುವಳು. ಗಟ್ಟಿಯಾಗಿ ಪ್ರಾರ್ಥನೆ ಮಾಡುತ್ತಿರಲಿಲ್ಲ. ಇಬ್ಬರೂ ಮಾತಾಡುತ್ತಲೂ ಇರಲಿಲ್ಲ. ಒಂದು ಮಧ್ಯಾಹ್ನ ನಾನು ಇಂಜೆಕ್ಷನ್ ತೆಗೆದುಕೊಂಡು ಹೋದಾಗ ಒಳಗಿನಿಂದ ನಗು ಕೇಳಿತು. ಬಾಗಿಲಲ್ಲೇ ನಿಂತುಬಿಟ್ಟೆ. ಶಾಲಿನಿ ಹೋದ ಮೇಲೆ ನನ್ನ ತಂಗಿ ನಕ್ಕದ್ದನ್ನು ನಾನು ಕೇಳಿರಲಿಲ್ಲ. ಅವಳು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತ ನಗುತ್ತಿದ್ದಳು. ಕಾಕು ನೋವಿಗೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

"ಏನಾತು?" ಅಂದೆ.

"ನನಗೂ ಒಂದು ಪಾಪ ಹುಡುಕ್ಯಾರ ಸಿಸ್ಟರ್," ಅಂದಳು ಕಾಕು. "ನಾ ಸಣ್ಣಾಕಿದ್ದಾಗ ನಮ್ಮ ಅಜ್ಜಿ ಎಲ್ಲಮ್ಮಗ ಕಾಯಿ ಒಡಸಿದ್ಳು, ನಾ ಅಕಿ ಸೆರಗ ಹಿಡ್ಕೊಂಡು ನಿಂತಿದ್ದೆ. ನನಗ ಆಗ ಹಲ್ಲು ಬೀಳೂ ವಯಸ್ಸು. ಅದಕ್ಕ ಈಗ ದೇವರು ಹೊಟ್ಟ್ಯಾಗ ಗಡ್ಡಿ ಇಟ್ಟಾನಂತ."

ಪ್ರೇಮಾ ನಗು ನಿಲ್ಲಿಸಿ, "ಕಾಕು, ಖರೇನ ಹಂಗಂದ್ರೇನು?" ಅಂದಳು.

"ನಿನ್ನೆ ಅಂದ್ರು. ಕಣ್ಣಾಗ ನೀರು ತಂದು ಅಂದ್ರು." ಕಾಕು ದಣಿದು ದಿಂಬಿಗೆ ಒರಗಿದಳು. "ಹುಡುಕ್ಲಿ ಬಿಡವ್ವಾ. ಹುಡುಕೂದು ಬಿಟ್ರ ಅವ್ರಿಗೆ ಹೆದರಿಕಿ ಬರ್ತೈತಿ. ಆದ್ರ ನೀ ಮಾತ್ರ ಆ ದಾರದ ಮಾತು ಬಿಡು. ನಿನ್ನ ದಾರಾನೂ ನಮ್ಮಜ್ಜಿ ಕಾಯಿ ಇದ್ದಂಗ."

ಅವತ್ತು ಸಂಜೆ ಪ್ರೇಮಾ ಶಾಂತವ್ವನ ಮನೆಗೆ ಹೋದಳು. ಶಾಂತವ್ವ ಜೋಳ ಹಸನು ಮಾಡುತ್ತಿದ್ದಳಂತೆ. ಏನೂ ಕೇಳದೆ ಮೊರದ ಇನ್ನೊಂದು ಬದಿಗೆ ಜಾಗ ಮಾಡಿಕೊಟ್ಟಳಂತೆ. ಇಬ್ಬರೂ ಮೊರದ ಮುಂದೆ ಕೂತು ಅತ್ತರು. ನನ್ನ ಓದು, ನನ್ನ ವಾದ, ನನ್ನ ಸಿಟ್ಟು ಒಂದು ವರ್ಷದಲ್ಲಿ ಮಾಡಲಾಗದ್ದನ್ನು ಸಾಯುತ್ತಿದ್ದ ಹೆಂಗಸು ಒಂದು ಮಧ್ಯಾಹ್ನದಲ್ಲಿ ಮಾಡಿದ್ದಳು.

ಕಾಕು ಹೋದಳು. ಹಿರಿಯರಿಗೆ ಸಾಂತ್ವನ ಹೇಳಲು ಜನ ಬಂದರು, ಆದರೆ ಅವರಿಗೆ ಏನು ಹೇಳುವುದು? ಬಂದವರಿಗೆಲ್ಲ ಅವರೇ ಹೇಳಿ ಕಳಿಸಿದರು. ಕೆಲವು ವಾರ ಕಳೆದ ಮೇಲೆ ಪ್ರಸಂಗದಲ್ಲಿ ಪ್ರೇಮಾಳನ್ನು ತೋರಿಸಿ, "ಈ ತಂಗೀನ್ನ ದೇವರು ಮುರಿದು, ನಮ್ಮ ಮನಿ ಸೇವಾಕ್ಕ ತಯಾರು ಮಾಡಿದ" ಅಂದರು. ಅಂದರೆ ಶಾಲಿನಿ ಸತ್ತದ್ದು ಇವರ ಹೆಂಡತಿಯ ತಲೆ ಬಾಚಲು ಒಬ್ಬರು ಬೇಕೆಂದು. ಮನುಷ್ಯ ಇಷ್ಟು ಕೆಳಗೆ ಇಳಿಯಬಲ್ಲ, ಅದೂ ಇಸ್ತ್ರಿ ಮಾಡಿದ ಅಂಗಿ ಸುಕ್ಕಾಗದ ಹಾಗೆ. ನಾನು ಅವತ್ತಿನಿಂದ ಅವರು ಪ್ರಸಂಗ ಮಾಡುವ ಭಾನುವಾರ ಮಂದಿರಕ್ಕೆ ಹೋಗುವುದನ್ನು ಬಿಟ್ಟೆ. ಪ್ರೇಮಾ ಬಿಡಲಿಲ್ಲ. ಬಿಡುವುದಿರಲಿ, ಅವರಿಗೆ ಮಧ್ಯಾಹ್ನದ ಊಟ ಒಯ್ಯತೊಡಗಿದಳು. ಮಕ್ಕಳಿಲ್ಲದ ಮನೆ, ಒಲೆ ಹಚ್ಚಲು ಬಾರದ ಗಂಡಸು.

"ಅವರಿಗೆ ಯಾಕ ಒಯ್ತೀ?" ಅಂದೆ.

"ಉಣ್ಣಾಕ," ಅಂದಳು.

"ಏನ್ ಮಾಡ್ಯಾರ ಗೊತ್ತೈತಿಲ್ಲ ನಿನಗ?"

"ನನಗ ಗೊತ್ತಿಲ್ದ ಮತ್ಯಾರಿಗೆ ಗೊತ್ತಿರ್ತೈತಕ್ಕಾ?" ಅಂದು ರೊಟ್ಟಿ ಬಡಿಯುತ್ತಲೇ ಇದ್ದಳು.

ಹಿರಿಯರು ತೀರಿಕೊಳ್ಳುವ ಸ್ವಲ್ಪ ದಿನ ಮೊದಲು ಪ್ರೇಮಾ ಗಂಡನ ಜೊತೆ ಸಿಂದಗಿಗೆ ಒಂದು ಮದುವೆಗೆ ಹೋದಳು. ಹೋಗುವ ಮುಂಚೆ ಡಬ್ಬಿ ಕಟ್ಟಿ ನನ್ನ ಕೈಗೆ ಕೊಟ್ಟಳು. ನಾನು ಒಲ್ಲೆ ಅನ್ನುವುದರೊಳಗೆ ಟಂಟಂ ಹತ್ತಿದ್ದಳು.

ಹೋದೆ. ಬಾಗಿಲು ತೆರೆದೇ ಇತ್ತು. ಅವರು ಕಾಕು ಮಲಗುತ್ತಿದ್ದ ಕಾಟಿನ ಮೇಲೆ ಬನಿಯನ್ನಿನಲ್ಲಿ ಕೂತಿದ್ದರು. ಬಹಳ ಇಳಿದಿದ್ದರು. ಗಲ್ಲದ ಮೇಲೆ ಬಿಳಿ ಗಡ್ಡ. ನಾನು ತಾಟಿಗೆ ರೊಟ್ಟಿ, ಝುಣಕ ಹಾಕಿ ಮುಂದಿಟ್ಟೆ. ಅವರಿಗೆ ರೊಟ್ಟಿ ಮುರಿಯಲು ಆಗಲಿಲ್ಲ. ನಾನೇ ಮುರಿದು ಕೊಟ್ಟೆ. ರೋಗಿಗೆ ಕೊಡುವ ಹಾಗೆ, ಬೇರೇನೂ ಇಲ್ಲ.

ಎರಡು ತುತ್ತು ಉಂಡು ಅವರು ಗಂಟಲು ಸರಿಮಾಡಿಕೊಂಡರು. "ಸಿಸ್ಟರ್, ಪ್ರೇಮಾಗ ನಾ ಅವತ್ತು ಹೇಳಿದ ಮಾತು..."

ನಾನು ನೀರಿನ ಲೋಟ ಹಿಡಿದು ನಿಂತೆ. ಕಡೆಗೂ ತಪ್ಪಾಯಿತು ಅನ್ನುತ್ತಾರೆ ಅಂದುಕೊಂಡೆ.

"...ಎಷ್ಟು ಚಲೋ ಫಲಾ ಕೊಡ್ತು ನೋಡ್ರಿ."

ಲೋಟ ಅವರ ಮುಂದೆ ಕುಕ್ಕಿದೆ. ನೀರು ಚಾದರದ ಮೇಲೆ ಚೆಲ್ಲಿತು. ಬಾಯಿಗೆ ಬಂದದ್ದನ್ನೆಲ್ಲ ಅಂದುಬಿಡಬೇಕೆಂದು ಅವರ ಮುಖ ನೋಡಿದೆ. ಅವರು ನನ್ನನ್ನು ನೋಡುತ್ತಿರಲಿಲ್ಲ. ಚೆಲ್ಲಿದ ನೀರನ್ನು ಅಂಗೈಯಿಂದ ಒರೆಸುತ್ತಿದ್ದರು, ಒರೆಸಿದ ಜಾಗವನ್ನೇ ಮತ್ತೆ ಮತ್ತೆ.

"ನಾಳೆ ಯಾರು ಬರ್ತಾರ್ರಿ?" ಅಂದರು.

"ಪ್ರೇಮಾ."

"ನಾಳೆ ಬರ್ತಾಳಲ್ಲ?"

ಆ ದನಿಯಲ್ಲಿ ಈಗ ಚಂದ ಏನೂ ಉಳಿದಿರಲಿಲ್ಲ. ಇಷ್ಟು ವರ್ಷ ಊರೆಲ್ಲ ಪ್ರಶ್ನೆ ಕೇಳುತ್ತ ತಿರುಗಿದ ಮನುಷ್ಯ, ಉತ್ತರ ತನಗೆ ಗೊತ್ತಿಲ್ಲದ ಪ್ರಶ್ನೆ ಕೇಳಿದ್ದನ್ನು ನಾನು ಅವತ್ತೇ ನೋಡಿದ್ದು.

"ಬರ್ತಾಳ್ರಿ," ಅಂದೆ.

ಕರುಣೆಯಿಂದ ಹೇಳಿದ್ದಲ್ಲ. ಅದು ಆ ಹೊತ್ತಿಗೂ ನನ್ನಲ್ಲಿರಲಿಲ್ಲ, ಈಗಲೂ ಇಲ್ಲ. ನನ್ನ ತಂಗಿ ಬಂದೇ ಬರುತ್ತಾಳೆಂದು ನನಗೆ ಗೊತ್ತಿತ್ತು, ಅದಕ್ಕೆ ಹೇಳಿದೆ.